ಕಾಗದ ಇಂಗ್ಲಿಷ್‌ನಲ್ಲಿ, ಸಾಕ್ಷಿ ಕನ್ನಡದಲ್ಲಿ: ಟಿವಿ ತನಿಖಾ ವರದಿಗಾರಿಕೆಯ ನನ್ನ ಅನುಭವ

ಪತ್ರಿಕೋದ್ಯಮ ಓದಿ ಟಿವಿಗೆ ಬರುವ ಹುಡುಗ ಹುಡುಗಿಯರು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಒಂದಿದೆ. ಮೇಡಂ, ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ತನಿಖಾ ವರದಿ ಮಾಡ್ತೀರಲ್ಲ, ಡಬಲ್ ಕೆಲಸ ಅಲ್ವಾ ಅಂತ. ಹೌದು, ಡಬಲ್ ಕೆಲಸವೇ. ಆದರೆ ಎರಡೂ ಭಾಷೆ ಬರದೇ ಇದ್ದಿದ್ದರೆ ನನಗೆ ಅರ್ಧ ಸುದ್ದಿಯೂ ಸಿಗುತ್ತಿರಲಿಲ್ಲ. ನಮ್ಮ ರಾಜ್ಯದ ದೊಡ್ಡ ಹಗರಣಗಳ ಕಾಗದ ಪತ್ರವೆಲ್ಲ ಹೆಚ್ಚುಕಮ್ಮಿ ಇಂಗ್ಲಿಷ್‌ನಲ್ಲಿರುತ್ತದೆ. ಹಗರಣವನ್ನು ಕಣ್ಣಾರೆ ಕಂಡವರು ಕನ್ನಡದಲ್ಲಿ ಮಾತಾಡುತ್ತಾರೆ. ಗಣಿ ಗುತ್ತಿಗೆ, ಕಂಪನಿಯ ಬ್ಯಾಲೆನ್ಸ್ ಶೀಟು, ಸುಪ್ರೀಂ ಕೋರ್ಟಿಗೆ ಹಾಕಿದ ಅಫಿಡವಿಟ್ಟು ಒಂದು ಕಡೆ. ಲಾರಿ ಡ್ರೈವರ್, ಫಾರೆಸ್ಟ್ ಗಾರ್ಡ್, ಧೂಳು ಬಿದ್ದು ಬೆಳೆ ಕಳೆದುಕೊಂಡ ರೈತ ಇನ್ನೊಂದು ಕಡೆ. ಇವರು ಆ ಕಾಗದ ಓದಿರಲ್ಲ, ಅದನ್ನು ಬರೆದವರು ಇವರ ಮಾತು ಕೇಳಿರಲ್ಲ. ಇಬ್ಬರನ್ನೂ ಎದುರುಬದುರು ಕೂರಿಸುವುದೇ ನನ್ನ ಕೆಲಸ ಅಂತ ನಾನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ.

ನಾನು ಹೊಸಪೇಟೆಯವಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ, ಓದಿದ್ದು ಇಂಗ್ಲಿಷ್ ಮೀಡಿಯಂ. 2006ರ ಸುಮಾರಿಗೆ ಕನ್ನಡದಲ್ಲಿ 24 ಗಂಟೆಯ ಸುದ್ದಿ ಚಾನೆಲ್‌ಗಳು ಬರತೊಡಗಿದವು. ಜನ ಬೇಕಾಗಿದ್ದರು, ನನಗೂ ಕೆಲಸ ಸಿಕ್ಕಿತು. ಮೊದಲು ಡೆಸ್ಕು. ಏಜೆನ್ಸಿಯ ಇಂಗ್ಲಿಷ್ ಕಾಪಿಯನ್ನು ಕನ್ನಡಕ್ಕೆ ತರೋದು, ಪರದೆಯ ಕೆಳಗೆ ಓಡುವ ಟಿಕ್ಕರ್ ಹಾಕೋದು, ಆ್ಯಂಕರ್‌ಗೆ ಲೀಡ್ ಬರೆದುಕೊಡೋದು. ಡೆಸ್ಕ್ ಕೆಲಸ ಬೇಜಾರು ಅಂತ ಬಹಳ ಜನ ಬಿಟ್ಟು ಹೋಗುತ್ತಾರೆ. ನಾನು ಹೇಳೋದು, ಒಂದೆರಡು ವರ್ಷ ಅಲ್ಲಿ ಕೂತು ಬನ್ನಿ. ಟಿವಿಯಲ್ಲಿ ವಾಕ್ಯ ಕಿವಿಗೆ ಒಂದೇ ಸಲ ಬೀಳುತ್ತದೆ, ತಿರುವಿ ನೋಡೋಕೆ ಪುಟ ಇರಲ್ಲ. ಯಾರು ಏನು ಮಾಡಿದರು, ಹೋದದ್ದು ಯಾರ ದುಡ್ಡು ಅನ್ನೋದು ಮೊದಲ ಉಸಿರಿಗೇ ಬರಬೇಕು. ಇದನ್ನು ಡೆಸ್ಕಿನ ಹಿರಿಯರು ನನ್ನ ಕಾಪಿಯ ಮೇಲೆ ಕೆಂಪು ಗೆರೆ ಎಳೆದು ಎಳೆದು ಕಲಿಸಿದರು.

ಆಮೇಲೆ ಬಳ್ಳಾರಿಗೆ ಕಳಿಸಿದರು. "ನಿಮ್ಮೂರೇ ಅಲ್ವೇನಮ್ಮಾ, ಹೋಗು" ಅಂದರು ವರದಿಗಾರರನ್ನು ಕಳಿಸುವ ಇನ್‌ಪುಟ್ ಹೆಡ್. ನಮ್ಮ ಚಾನೆಲ್ ಜೊತೆ ಕೈಜೋಡಿಸಿದ್ದ ಇಂಗ್ಲಿಷ್ ಚಾನೆಲ್‌ನವರು ಅಲ್ಲಿಗೆ ಬೇರೆ ವರದಿಗಾರರನ್ನು ಇಡುವ ಬದಲು ನನ್ನ ಕೈಯಲ್ಲೇ ಮಾಡಿಸಿದರು. ಹೀಗೆ ಎರಡು ಮೈಕ್ ಲೋಗೋ ಒಂದೇ ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗೋದು ಶುರುವಾಯಿತು.

ಆ ಕಾಲದ ಬಳ್ಳಾರಿ ಹೇಗಿತ್ತು ಅಂತ ಈಗಿನವರಿಗೆ ಸ್ವಲ್ಪ ಹೇಳಬೇಕು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾಕ್ಕೆ ಎಷ್ಟು ಕಬ್ಬಿಣದ ಅದಿರು ಕೊಟ್ಟರೂ ಸಾಲುತ್ತಿರಲಿಲ್ಲ. ಅದಿರಿನ ರೇಟು ಒಂದೇ ಸಮನೆ ಏರಿತು. ಸರ್ಕಾರಕ್ಕೆ ಬರುತ್ತಿದ್ದ ರಾಯಧನ (ರಾಯಲ್ಟಿ) ಮಾತ್ರ ಟನ್ನಿಗೆ 30 ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. 2009ರ ಆಗಸ್ಟ್‌ನಲ್ಲಷ್ಟೇ ಅದು ಬೆಲೆಯ ಶೇ 10 ಅಂತ ಬದಲಾಗಿದ್ದು. ಅಂದರೆ ನೆಲದಿಂದ ತೆಗೆದ ಸಂಪತ್ತಿನಲ್ಲಿ ನೆಲದ ಒಡೆಯರಾದ ಜನಕ್ಕೆ ಸಿಕ್ಕಿದ್ದು ಚಿಲ್ಲರೆ ಕಾಸು. ಉಳಿದದ್ದು ಎಲ್ಲಿಗೆ ಹೋಯಿತು ಅನ್ನೋದೇ ನಮ್ಮ ಸುದ್ದಿ. ಸಂಡೂರಿನಿಂದ ಹೊಸಪೇಟೆವರೆಗೆ ಲಾರಿಗಳ ಸಾಲು, ರಸ್ತೆ ಪಕ್ಕದ ಗಿಡದ ಎಲೆ ಕೆಂಪು, ಒಣಗಲು ಹಾಕಿದ ಬಟ್ಟೆ ಕೆಂಪು, ಅಂಗಡಿಯ ಬಿಸ್ಕತ್ ಡಬ್ಬಿಯ ಮುಚ್ಚಳವೂ ಕೆಂಪು.

ಧೂಳು ತೋರಿಸೋದು ಸುಲಭ. ಕ್ಯಾಮೆರಾ ಇಟ್ಟರೆ ಅದೇ ಕಾಣುತ್ತದೆ. ಕಳ್ಳತನ ತೋರಿಸೋದು ಕಷ್ಟ, ಯಾಕಂದರೆ ಅದಿರು ಸಾಗಿಸುವ ಪರ್ಮಿಟ್ ಇರುವ ಲಾರಿಯೂ ಇಲ್ಲದ ಲಾರಿಯೂ ನೋಡೋಕೆ ಒಂದೇ ಥರ. ನಾನೂ ನನ್ನ ಕ್ಯಾಮೆರಾಮನ್ ಅಣ್ಣನೂ ಮಾಡಿದ್ದು ಇಷ್ಟು. ರಾತ್ರಿ ರಸ್ತೆ ಬದಿಯ ಢಾಬಾ ಮುಂದೆ ಗಾಡಿ ನಿಲ್ಲಿಸಿಕೊಂಡು ಹೋಗುವ ಲಾರಿಗಳ ನಂಬರ್, ಹೊತ್ತು ಬರೆದುಕೊಳ್ಳೋದು. ಅವನು ದೂರದಿಂದ ಶೂಟ್ ಮಾಡೋನು, ಟೇಪಿನ ಟೈಮ್ ಕೋಡ್‌ಗೂ ನನ್ನ ಡೈರಿಗೂ ತಾಳೆ ಆಗುವ ಹಾಗೆ. ಆಮೇಲೆ ಮಾಹಿತಿ ಹಕ್ಕಿನಲ್ಲಿ ಅದೇ ದಿನಾಂಕಗಳ ಪರ್ಮಿಟ್ ವಿವರ ಕೇಳೋದು. ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಉತ್ತರ ಬರಬೇಕು, ಬಹಳ ಸಲ ಬರಲ್ಲ. ಮೊದಲ ಮೇಲ್ಮನವಿ, ಅದಕ್ಕೂ ಜಗ್ಗದಿದ್ದರೆ ಮಾಹಿತಿ ಆಯೋಗ. ಅಲ್ಲಿಗೆ ಹೋಗುವಷ್ಟರಲ್ಲಿ ಸುದ್ದಿ ಹಳೆಯದಾಗುತ್ತದೆ ಅಂತ ಚಾನೆಲ್‌ನಲ್ಲಿ ಅನ್ನೋರು. ಕಳ್ಳತನ ನಡೀತಾನೇ ಇದ್ದರೆ ಸುದ್ದಿ ಹೇಗೆ ಹಳೆಯದಾಗುತ್ತದೆ?

ಒಂದು ರಾತ್ರಿ ಢಾಬಾದಲ್ಲಿ ಊಟಕ್ಕೆ ಕೂತ ಡ್ರೈವರ್ ಒಬ್ಬರ ಜೊತೆ ಮಾತಿಗಿಳಿದೆ. ನಾನು ಯಾರು, ಯಾವ ಚಾನೆಲ್ ಅಂತ ಮೊದಲೇ ಹೇಳಿದ್ದೆ. ಊಟ ಮುಗಿಸಿ ಕೈ ತೊಳೆದುಕೊಂಡು ಕ್ಯಾಬಿನ್‌ಗೆ ಹೋಗಿ ಒಂದು ರಟ್ಟಿನ ಪ್ಯಾಡ್ ತಂದರು. ಅದರ ಕ್ಲಿಪ್ಪಿಗೆ ಎರಡು ಕಾಗದ ಸಿಕ್ಕಿಸಿದ್ದರು. ಮೇಲಿನದು ಪರ್ಮಿಟ್, ಅದರಲ್ಲಿ 16 ಟನ್. ಕೆಳಗಿನದು ಲಾರಿ ತೂಗುವ ವೇಬ್ರಿಡ್ಜ್‌ನ ಚೀಟಿ, ಅದರಲ್ಲಿ ಬರೀ ಮಾಲಿನ ತೂಕವೇ 26 ಟನ್. ಎರಡರ ಮೇಲೂ ಒಂದೇ ಲಾರಿ ನಂಬರು. ಚೀಟಿಯ ಅಂಚಿನಲ್ಲಿ ಅವರ ಹೆಬ್ಬೆರಳಿನ ಕೆಂಪು ಗುರುತು. "ನೋಡ್ರಿ ಅಕ್ಕಾ, ಹದಿನಾರು ಟನ್ ಹಾಕ್ಕೊಂಡು ಹೋದ್ರ ಡೀಸಲ್ ರೊಕ್ಕನೂ ಹುಟ್ಟಂಗಿಲ್ಲ. ಮಾಲು ನಂದಲ್ಲ, ಚೀಟಿ ನಂದಲ್ಲ, ಗಾಡಿ ಸಾಲ ಅಷ್ಟ ನಂದು" ಅಂದರು. ಮುಖ ತೋರಿಸಬ್ಯಾಡ್ರಿ ಅಂದರು, ಬರೀ ಕೈ ಮತ್ತು ಎರಡು ಕಾಗದ ಶೂಟ್ ಮಾಡಿದೆವು. ನಂಬರ್ ಮರೆಮಾಡಿದೆವು. ಅಷ್ಟು ವರ್ಷ ಇಂಗ್ಲಿಷ್‌ನಲ್ಲಿ 'ಓವರ್‌ಲೋಡಿಂಗ್' ಅಂತ ಒಂದು ಶಬ್ದದಲ್ಲಿ ಮುಗಿಸುತ್ತಿದ್ದ ವಿಷಯ ಅವತ್ತು ಒಂದು ಕ್ಲಿಪ್ಪಿನಲ್ಲಿ ಕಣ್ಣಿಗೆ ಕಂಡಿತು. ಪ್ರತಿ ಲಾರಿಯಲ್ಲಿ 10 ಟನ್ ಲೆಕ್ಕಕ್ಕೇ ಇಲ್ಲ.

ಆ ಡ್ರೈವರ್ ನನ್ನ ಜೊತೆ ಮಾತಾಡಿದ್ದು ನಾನು ಅವರ ಊರ ಕಡೆಯ ಮಾತು ಆಡಿದ್ದಕ್ಕೆ. ಇದನ್ನು ಯಾವ ಸಂಕೋಚ ಇಲ್ಲದೆ ಹೇಳುತ್ತೇನೆ. ದೆಹಲಿಯಿಂದ ಬಂದಿದ್ದ ಒಳ್ಳೊಳ್ಳೆ ವರದಿಗಾರರಿಗೆ ಅದೇ ಢಾಬಾದಲ್ಲಿ ಚಹಾ ಸಿಕ್ಕಿತ್ತು, ಮಾತು ಸಿಕ್ಕಿರಲಿಲ್ಲ. ಆದರೆ ಆ ಚೀಟಿಯ ತೂಕವನ್ನು ಕಂಪನಿಯ ರಫ್ತು ಬಿಲ್ಲಿನ ಜೊತೆ ಹೋಲಿಸಬೇಕಾದರೆ ಇಂಗ್ಲಿಷ್ ಬೇಕು. ಕಂಪನಿ ವ್ಯವಹಾರ ಇಲಾಖೆಯ ಪೋರ್ಟಲ್‌ನಲ್ಲಿ ನಿರ್ದೇಶಕರ ಪಟ್ಟಿ ತೆಗೆದರೆ, ಸಂಬಂಧವೇ ಇಲ್ಲದಂತೆ ಕಾಣುವ ಎರಡು ಕಂಪನಿಗಳಿಗೆ ಒಂದೇ ವಿಳಾಸ ಇರುತ್ತದೆ. ಚುನಾವಣೆಗೆ ನಿಂತವರ ಅಫಿಡವಿಟ್‌ನಲ್ಲಿ ಹೆಂಡತಿ ಹೆಸರಿನ ಷೇರು ಬರುತ್ತದೆ. ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿದರೆ ಅದು ಕನ್ನಡದಲ್ಲಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಇಸಿಯಲ್ಲಿ (ಋಣಭಾರ ಪತ್ರ) ಕೊಟ್ಟವರು ಯಾರು, ಕೊಂಡವರು ಯಾರು ಅಂತ ಸಾಲಾಗಿ ಇರುತ್ತದೆ. ಇದೆಲ್ಲ ಸಾರ್ವಜನಿಕ ದಾಖಲೆ. ರಹಸ್ಯ ಮೂಲ, ಮಧ್ಯರಾತ್ರಿಯ ಫೋನು ಅಂತ ಸಿನಿಮಾದಲ್ಲಿ ತೋರಿಸ್ತಾರಲ್ಲ, ಅದಕ್ಕಿಂತ ಜಾಸ್ತಿ ಸುದ್ದಿ ನನಗೆ ಜೆರಾಕ್ಸ್ ಅಂಗಡಿಯ ಮುಂದೆ ನಿಂತು ಸಿಕ್ಕಿದೆ.

2010ರಲ್ಲಿ ಬೇಲೆಕೇರಿ. ಅಂಕೋಲಾ ಹತ್ತಿರದ ಸಣ್ಣ ಬಂದರು. ಬಳ್ಳಾರಿ ಕಡೆಯಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಲಾರಿಗಳು ಅಲ್ಲಿಗೆ ಹೋಗುತ್ತಿದ್ದವು. ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಅಲ್ಲಿ 8 ಲಕ್ಷ ಟನ್ ಆಸುಪಾಸು ಅದಿರನ್ನು ಜಪ್ತಿ ಮಾಡಿತ್ತು. ಕೆಲವೇ ತಿಂಗಳಲ್ಲಿ ಅದರ ಅರ್ಧಕ್ಕಿಂತ ಜಾಸ್ತಿ ಮಾಯ. ಜಪ್ತಿಯಾದ ಮಾಲು ಹಡಗು ಹತ್ತಿ ಹೋಗಿತ್ತು! ದಾಳಿ ನಡೆಸಿದ್ದ ಅರಣ್ಯಾಧಿಕಾರಿ ಆರ್. ಗೋಕುಲ್ ಅವರನ್ನು ಅಮಾನತು ಮಾಡಲು ಹೊರಟಾಗ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಜೂನ್ 23ರಂದು ರಾಜೀನಾಮೆ ಕೊಟ್ಟರು, ಆಮೇಲೆ ವಾಪಸ್ ಪಡೆದರು. ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಆ ಮಳೆಗಾಲ ನಾವು ಬೇಲೆಕೇರಿಯಲ್ಲಿ ಮಾಡಿದ ಪಿಟಿಸಿ (ಪೀಸ್ ಟು ಕ್ಯಾಮೆರಾ) ಬಗ್ಗೆ ಸ್ವಲ್ಪ ಹೇಳಬೇಕು, ಎರಡು ಭಾಷೆಯ ಕೆಲಸ ಅಂದರೆ ಏನು ಅಂತ ಅದರಲ್ಲಿ ಗೊತ್ತಾಗುತ್ತದೆ.

ಕ್ಯಾಮೆರಾ ಮುಂದೆ ನಿಂತು ಮಾತಾಡುವ ಪಿಟಿಸಿ ನಾನು ಯಾವಾಗಲೂ ಎರಡು ಸಲ ಮಾಡಬೇಕು. ಮಳೆ, ಗಾಳಿ, ಬೆಳಕು ಹೋಗ್ತಾ ಇದೆ, ಒಂದೇ ಟೇಕ್‌ಗೆ ಟೈಮು. ನನ್ನ ನಿಯಮ ಒಂದೇ, ಕನ್ನಡ ಮೊದಲು. ಇಂಗ್ಲಿಷ್ ಚಾನೆಲ್‌ನ ಡೆಸ್ಕಿಂದ ಫೋನ್ ಮೇಲೆ ಫೋನ್ ಬಂದರೂ ಕನ್ನಡ ಮೊದಲು. ಆ ಅದಿರಿನ ರಾಶಿ ಕರಗಿದ್ದಕ್ಕೆ ಮೊದಲು ಉತ್ತರ ಕೇಳಬೇಕಾದವರು ಅಂಕೋಲಾ, ಸಂಡೂರಿನ ಜನ. ಅವರಿಗೆ ಅರ್ಥವಾಗದ ಭಾಷೆಯಲ್ಲಿ ಅವರದೇ ಕಥೆಯನ್ನು ಮೊದಲು ಹೇಳೋದು ನನಗೆ ಸರಿ ಅನಿಸಲ್ಲ.

ಸ್ಕ್ರಿಪ್ಟ್ ಕೂಡ ಹಾಗೇ. ಒಂದನ್ನು ಬರೆದು ಇನ್ನೊಂದಕ್ಕೆ ಅನುವಾದ ಮಾಡಲ್ಲ, ಎರಡನ್ನೂ ಬೇರೆ ಬೇರೆ ಬರೆಯುತ್ತೇನೆ. ಇಂಗ್ಲಿಷ್ ನೋಡುಗರಿಗೆ ಬೇಲೆಕೇರಿ ಎಲ್ಲಿದೆ ಅಂತ ಮ್ಯಾಪ್ ಹಾಕಬೇಕು, ದೆಹಲಿಯಲ್ಲಿ ಏನಾಗುತ್ತದೆ ಅಂತ ಹೇಳಬೇಕು, ಎರಡೂವರೆ ನಿಮಿಷದಲ್ಲಿ ಮುಗಿಸಬೇಕು. ಕನ್ನಡದಲ್ಲಿ ಅರ್ಧ ಗಂಟೆಯ ವಿಶೇಷ. ಜನ ಕೇಳೋದೇ ಬೇರೆ. ಯಾವ ಚೆಕ್‌ಪೋಸ್ಟ್ ದಾಟಿ ಹೋಯಿತು, ಅಲ್ಲಿ ಯಾರು ಡ್ಯೂಟಿಯಲ್ಲಿದ್ದರು, ನಮ್ಮೂರ ರಸ್ತೆ ರಿಪೇರಿ ಯಾರು ಮಾಡಿಸ್ತಾರೆ. ಕ್ಯಾಮೆರಾ ಮುಂದೆ ಅಧಿಕಾರಿಗಳು ಕೊಡುವ ಹೇಳಿಕೆ, ಅಂದರೆ ಬೈಟ್‌ನಲ್ಲೂ ಒಂದು ವಿಷಯ ಗಮನಿಸಿದ್ದೇನೆ. ಇಂಗ್ಲಿಷ್‌ನಲ್ಲಿ ಕೇಳಿದರೆ ತನಿಖೆ ನಡೀತಿದೆ, ಕಾನೂನು ಪ್ರಕಾರ ಕ್ರಮ ಅಂತ ಬಾಯಿಪಾಠದ ಉತ್ತರ. ಅದೇ ಮನುಷ್ಯರನ್ನು ಕನ್ನಡದಲ್ಲಿ ಕೇಳಿ. ಸ್ವಲ್ಪ ಸುಮ್ಮನಿದ್ದು, ಆಮೇಲೆ ನಿಜವಾದ ಕಷ್ಟ ಹೇಳುತ್ತಾರೆ. ಕಾಯಲು ಸಾಕಷ್ಟು ಗಾರ್ಡ್ ಇರಲಿಲ್ಲ, ಜೀಪಿಗೆ ಡೀಸೆಲ್ ಇರಲಿಲ್ಲ ಅನ್ನೋದೆಲ್ಲ ಆಗ ಹೊರಗೆ ಬರುತ್ತದೆ.

ಒಂದು ಎಚ್ಚರ ಮಾತ್ರ ಬೇಕೇ ಬೇಕು. ಧಾಟಿ ಎರಡಾದರೂ ಸತ್ಯ ಒಂದೇ ಇರಬೇಕು. ಇಂಗ್ಲಿಷ್‌ನಲ್ಲಿ "ಆರೋಪ" ಅಂತ ಹದವಾಗಿ ಹೇಳಿ ಕನ್ನಡದಲ್ಲಿ "ಲೂಟಿಕೋರ" ಅಂತ ಕೂಗುವ ಕೆಲಸ ನಮ್ಮ ಚಾನೆಲ್‌ಗಳಲ್ಲಿ ಬಹಳ ನಡೆಯುತ್ತದೆ. ಕನ್ನಡದ ಜನಕ್ಕೆ ಹದ ಬೇಡ ಅಂತ ಯಾರು ತೀರ್ಮಾನ ಮಾಡಿದರೋ ಗೊತ್ತಿಲ್ಲ. ನನಗೆ ಇದು ಕನ್ನಡಿಗರಿಗೆ ಮಾಡುವ ಅವಮಾನ ಅನಿಸುತ್ತದೆ.

2011ರ ಜುಲೈ 27 ನನ್ನ ವೃತ್ತಿಯಲ್ಲಿ ಮರೆಯಲಾಗದ ದಿನ. ಲೋಕಾಯುಕ್ತರು ಅಕ್ರಮ ಗಣಿಗಾರಿಕೆಯ ಅಂತಿಮ ವರದಿ ಕೊಟ್ಟರು. ಮೊದಲ ವರದಿ 2008ರ ಡಿಸೆಂಬರ್‌ನಲ್ಲೇ ಬಂದಿತ್ತು. ಇದು ಅನುಬಂಧ ಎಲ್ಲ ಸೇರಿ 25 ಸಾವಿರ ಪುಟಕ್ಕೂ ಜಾಸ್ತಿ. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಕಂಪನಿ ಕಂಪನಿಯ ಕಡತ ಕೆದಕಿ, ಬ್ಯಾಂಕ್ ಲೆಕ್ಕ ನೋಡಿ ಕಟ್ಟಿದ ವರದಿ. ಪೂರ್ತಿ ಇಂಗ್ಲಿಷ್. ನ್ಯೂಸ್‌ರೂಮಿನಲ್ಲಿ ಎಲ್ಲರೂ ನನ್ನ ಕಡೆ ನೋಡಿದರು. ಇಬ್ಬರು ಹುಡುಗರನ್ನು ಜೊತೆಗೆ ಕೂರಿಸಿಕೊಂಡು ಅಧ್ಯಾಯ ಹಂಚಿಕೊಂಡು ಓದಿದೆವು. 2006ರಿಂದ 2010ರವರೆಗೆ ಬೊಕ್ಕಸಕ್ಕೆ ನಷ್ಟ 16,085 ಕೋಟಿ ರೂಪಾಯಿ. ಅಕ್ರಮವಾಗಿ ರಫ್ತಾದ ಅದಿರು ಸುಮಾರು 3 ಕೋಟಿ ಟನ್. ಲಂಚ ಕೊಟ್ಟರೆ ಯಾವ ಚೆಕ್‌ಪೋಸ್ಟ್‌ನಲ್ಲೂ ತಡೆಯಿಲ್ಲದೆ ಲಾರಿ ಸಾಗಿಸುವ 'ಝೀರೋ ರಿಸ್ಕ್' ವ್ಯವಸ್ಥೆಯ ವಿವರ.

ಇಷ್ಟನ್ನು ಆ ರಾತ್ರಿ ಕನ್ನಡದಲ್ಲಿ ಹೇಳಬೇಕು. 16,085 ಕೋಟಿ ಅಂದರೆ ನನಗೇ ಕಣ್ಣಿಗೆ ಕಟ್ಟಲ್ಲ. ಹಾಗಾಗಿ ಟನ್ ಹಿಡಿದುಕೊಂಡೆ. ಒಂದು ಲಾರಿಗೆ ಪರ್ಮಿಟ್‌ನಲ್ಲಿ ಬರೆಯುವ 16 ಟನ್ ಅಂತಲೇ ಇಟ್ಟುಕೊಂಡರೂ 3 ಕೋಟಿ ಟನ್ ಸಾಗಿಸಲು 18 ಲಕ್ಷದ 75 ಸಾವಿರ ಲೋಡ್ ಬೇಕು. ಇದನ್ನು ಗ್ರಾಫಿಕ್ಸ್‌ನಲ್ಲಿ ಹಾಕಿಸಿದೆ. ಮಾರನೇ ದಿನ ಹೊಸಪೇಟೆಯಿಂದ ಅಮ್ಮ ಫೋನ್ ಮಾಡಿ, "ಅಷ್ಟು ಲಾರಿ ನಮ್ಮನಿ ಮುಂದ ಹೋಗ್ಯಾವ ಅಂದ್ರ ಪೊಲೀಸ್ರಿಗೆ ಕಾಣಲಿಲ್ಲೇನು?" ಅಂತ ಕೇಳಿದರು. ನಾನು ಜನ ಕೇಳಲಿ ಅಂತ ಬಯಸಿದ್ದ ಪ್ರಶ್ನೆಯೇ ಅದು. ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಸ್ಥೆ ಹಾಕಿದ್ದ ಅರ್ಜಿಯ ಮೇಲೆ ಬಂದ ಆದೇಶ ಅದು. ಲೋಕಾಯುಕ್ತ ವರದಿಯಲ್ಲಿ ಹೆಸರು ಬಂದಿದ್ದ ಮುಖ್ಯಮಂತ್ರಿ ಯಡಿಯೂರಪ್ಪನವರು 31ಕ್ಕೆ ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್ 5ಕ್ಕೆ ಗಣಿ ಉದ್ಯಮಿ, ಮಾಜಿ ಸಚಿವ ಗಾಲಿ ಜನಾರ್ದನ ರೆಡ್ಡಿಯವರನ್ನು ಸಿಬಿಐ ಬಂಧಿಸಿತು.

ಈಗ ಕಾನೂನಿನ ಮಾತು. ಪ್ರಸಾರಕ್ಕೆ ಮುಂಚೆ ನಮ್ಮ ವಕೀಲರು ಸ್ಕ್ರಿಪ್ಟ್ ನೋಡುತ್ತಾರೆ. ಬಹಳ ಕಡೆ ಇಂಗ್ಲಿಷ್ ಸ್ಕ್ರಿಪ್ಟ್ ಮಾತ್ರ ನೋಡಿ ಓಕೆ ಅಂತಾರೆ. ನನಗೆ ಬಂದ ಮಾನನಷ್ಟದ ನೋಟಿಸ್‌ಗಳೆಲ್ಲ ಕನ್ನಡ ಕಾರ್ಯಕ್ರಮಕ್ಕೇ. ಯಾಕಂದರೆ ಆರೋಪ ಹೊತ್ತವರ ಮತದಾರರು, ಬೀಗರು, ಊರವರು ನೋಡೋದು ಅದನ್ನೇ. ಹಾಗಾಗಿ ಕನ್ನಡ ಸ್ಕ್ರಿಪ್ಟ್, ಟಿಕ್ಕರ್, ಪ್ರೋಮೋ ಎಲ್ಲವನ್ನೂ ಕನ್ನಡ ಬಲ್ಲ ವಕೀಲರೇ ಓದಬೇಕು ಅಂತ ಹಟ ಹಿಡಿದೆ. ಪ್ರೋಮೋ ಮುಖ್ಯ. ವರದಿಯಲ್ಲಿ ಎಚ್ಚರ ಇದ್ದು ಪ್ರೋಮೋದಲ್ಲಿ ಒಂದು ಶಬ್ದ ಜಾಸ್ತಿಯಾದರೂ ಅದರ ಮೇಲೇ ಕೇಸು ಬೀಳುತ್ತದೆ.

ನೋಟಿಸ್‌ಗಿಂತ ದೊಡ್ಡ ಅಡ್ಡಿ ತಡೆಯಾಜ್ಞೆ. ನಾವು ಪ್ರತಿಕ್ರಿಯೆ ಕೇಳಲು ಫೋನ್ ಮಾಡಿದ ಮರುದಿನವೇ ಸಿವಿಲ್ ಕೋರ್ಟಿನಿಂದ ಪ್ರಸಾರ ಮಾಡಬೇಡಿ ಅನ್ನುವ ಆದೇಶ ಬರುತ್ತದೆ, ನಮ್ಮ ವಾದ ಕೇಳುವ ಮೊದಲೇ. 2021ರ ಮಾರ್ಚ್‌ನಲ್ಲಿ ರಾಜ್ಯದ 6 ಮಂದಿ ಸಚಿವರು 60ಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ಮೇಲೆ ಒಟ್ಟಿಗೆ ಇಂಥ ಆದೇಶ ತಂದಿದ್ದು ನೆನಪಿರಬಹುದು. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆಗೆ ಮುಂಚೆಯೇ ಏಕಪಕ್ಷೀಯವಾಗಿ ಬರಹವನ್ನು ತಡೆಯುವ ಮೊದಲು ಕೆಳ ನ್ಯಾಯಾಲಯಗಳು ಬಹಳ ಯೋಚಿಸಬೇಕು ಅಂತ ಹೇಳಿತು. ನಮಗೆ ಇದು ದೊಡ್ಡ ಬಲ. ಹಾಗಿದ್ದೂ ನಾನು ಈಗಲೂ ದೊಡ್ಡ ವರದಿಗೆ ಮುಂಚೆ ಕೇವಿಯಟ್ ಹಾಕಿಸುತ್ತೇನೆ, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಅಂತ ಕೋರ್ಟಿಗೆ ಮುಂಚೆಯೇ ಕೊಡುವ ಅರ್ಜಿ. 90 ದಿನ ನಡೆಯುತ್ತದೆ. ಪ್ರತಿಕ್ರಿಯೆ ಕೇಳೋದನ್ನು ಮಾತ್ರ ಯಾವತ್ತೂ ಬಿಡಲ್ಲ. ತಡೆಯಾಜ್ಞೆ ಬರುತ್ತೆ ಅಂತ ಹೆದರಿ ಆ ಕಡೆಯವರ ಮಾತೇ ಕೇಳದೆ ಹಾಕಿದರೆ ಅದು ವರದಿ ಅಲ್ಲ. ಪ್ರಶ್ನೆಗಳನ್ನು ಬರೆದು ಎರಡೂ ಭಾಷೆಯಲ್ಲಿ ಇಮೇಲ್ ಮಾಡುತ್ತೇನೆ. ಅರ್ಥವಾಗಲಿಲ್ಲ ಅಂತ ನಾಳೆ ಕೋರ್ಟಿನಲ್ಲಿ ಹೇಳೋಕೆ ಆಗಬಾರದು.

ಗುಪ್ತ ಕ್ಯಾಮೆರಾ ಬಗ್ಗೆ ಹುಡುಗರಿಗೆ ತುಂಬಾ ಕುತೂಹಲ. ನಾನು ಕೈ ಹಾಕಿದ್ದು ತೀರಾ ಕಮ್ಮಿ. ಕಾಗದದಲ್ಲಿ ಸಾಬೀತಾಗುವುದನ್ನು ಕ್ಯಾಮೆರಾ ಬಚ್ಚಿಟ್ಟು ತೋರಿಸೋದು ಯಾಕೆ? 2007ರಲ್ಲಿ ದೆಹಲಿಯ ಶಾಲಾ ಶಿಕ್ಷಕಿ ಉಮಾ ಖುರಾನಾ ಮೇಲೆ ಸುಳ್ಳು ಸ್ಟಿಂಗ್ ಪ್ರಸಾರವಾಗಿ, ಜನ ಅವರ ಮೇಲೆ ಮುಗಿಬಿದ್ದು, ಕೊನೆಗೆ ಸರ್ಕಾರ ಆ ಚಾನೆಲ್ ಅನ್ನು ಒಂದು ತಿಂಗಳು ಬಂದ್ ಮಾಡಿಸಿತು. ಅಮಾಯಕರೊಬ್ಬರ ಬದುಕೇ ಅಲ್ಲಾಡಿಹೋಯಿತು. ಇನ್ನೊಂದು ಕಡೆ, ದೆಹಲಿಯಲ್ಲಿ ಕಾರು ಹರಿದು ಜನ ಸತ್ತ ಬಿಎಂಡಬ್ಲ್ಯು ಪ್ರಕರಣದಲ್ಲಿ ಸಾಕ್ಷಿಯನ್ನು ಬುಡಮೇಲು ಮಾಡಲು ನೋಡಿದ್ದನ್ನು ತೋರಿಸಿದ ಸ್ಟಿಂಗ್ ಜನಹಿತದ ಕೆಲಸ ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ಒಪ್ಪಿತು. ಎರಡೂ ಪ್ರಕರಣದ ತೀರ್ಪು ಓದಿ ಅಂತ ಹುಡುಗರಿಗೆ ಹೇಳ್ತೀನಿ. ಮಾಡಲೇಬೇಕಾದರೆ, ಆನ್ ಮಾಡಿದ ಕ್ಷಣದಿಂದ ಆಫ್ ಮಾಡುವವರೆಗಿನ ರಷಸ್, ಅಂದರೆ ಎಡಿಟ್ ಮಾಡದ ದೃಶ್ಯ, ಒಂದು ಫ್ರೇಮ್ ಕತ್ತರಿಸದೆ ಇಡಬೇಕು. ಮೆಮೊರಿ ಕಾರ್ಡನ್ನೂ ಕ್ಯಾಮೆರಾವನ್ನೂ ಅದೇ ದಿನ ಕವರ್‌ಗೆ ಹಾಕಿ ಸೀಲ್ ಮಾಡಿ ಇಬ್ಬರು ಸಹಿ ಹಾಕಬೇಕು. ಕೋರ್ಟು ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಕೇಳುತ್ತದೆ. ಹಿಂದೆ ಅದು ಸಾಕ್ಷ್ಯ ಕಾಯ್ದೆಯ 65ಬಿ, 2024ರ ಜುಲೈಯಿಂದ ಹೊಸ ಕಾಯ್ದೆಯ 63ನೇ ಸೆಕ್ಷನ್. ಆರು ವರ್ಷದ ಮೇಲೆ ಸಾಕ್ಷಿ ಕಟ್ಟೆಗೆ ಕರೆದಾಗ "ಸರ್, ಅದು ಎಡಿಟ್ ಸಿಸ್ಟಂನಲ್ಲಿ ಡಿಲೀಟ್ ಆಗಿದೆ" ಅಂದರೆ ಮಾಡಿದ್ದೆಲ್ಲ ನೀರುಪಾಲು.

ಹೆದರಿಕೆ ಆಗಲ್ವಾ ಅಂತಲೂ ಕೇಳುತ್ತಾರೆ. ಆಗುತ್ತದೆ. ಇಂಗ್ಲಿಷ್ ವರದಿಗೆ ಬಯ್ಯುವವರು ಇಮೇಲ್ ಮಾಡುತ್ತಾರೆ. ಕನ್ನಡ ವರದಿಗೆ ಸಿಟ್ಟಾದವರು ಫೋನ್ ಮಾಡಿ, ನಿಮ್ಮಮ್ಮ ಯಾವ ಓಣಿಯಲ್ಲಿದ್ದಾರೆ ಗೊತ್ತು ಕಣಮ್ಮಾ ಅಂತಾರೆ. 2012ರ ಮಾರ್ಚ್ 2ರಂದು ಜನಾರ್ದನ ರೆಡ್ಡಿಯವರನ್ನು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ಆವರಣಕ್ಕೆ ಕರೆತಂದ ದಿನ ವಕೀಲರು, ಮಾಧ್ಯಮದವರು, ಪೊಲೀಸರ ನಡುವೆ ನಡೆದ ಗಲಾಟೆಯಲ್ಲಿ ಎಷ್ಟೋ ಜನ ಗಾಯಗೊಂಡರು, ಕ್ಯಾಮೆರಾಗಳು ಪುಡಿಯಾದವು. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ಅವರನ್ನು ಅವರ ಮನೆ ಬಾಗಿಲಲ್ಲೇ ಕೊಂದರು. ಇಂಗ್ಲಿಷ್ ಪತ್ರಿಕೆಗಳಲ್ಲಿ, ದೆಹಲಿಯಲ್ಲಿ ಟಿವಿಯಲ್ಲಿ ಕೆಲಸ ಮಾಡಿ, 2000ದಲ್ಲಿ ತಂದೆ ತೀರಿಕೊಂಡ ಮೇಲೆ ಕನ್ನಡ ವಾರಪತ್ರಿಕೆಗೆ ಬಂದವರು ಅವರು. ಆ ರಾತ್ರಿ ರಾಜರಾಜೇಶ್ವರಿ ನಗರದಿಂದ ಎರಡು ಭಾಷೆಯಲ್ಲಿ ಲೈವ್ ಕೊಟ್ಟೆ, ಎರಡರಲ್ಲೂ ಗಂಟಲು ಕಟ್ಟಿತು. ಅವತ್ತಿನಿಂದ ನಮ್ಮ ತಂಡದಲ್ಲಿ ಒಂದು ಪದ್ಧತಿ ಇದೆ. ಯಾರೇ ಫೀಲ್ಡ್‌ಗೆ ಹೋದರೂ ಕಡತದ ಇನ್ನೊಂದು ಪ್ರತಿ ಆಫೀಸಿನಲ್ಲಿರಬೇಕು, ಅದನ್ನು ಓದಿಕೊಂಡವರು ಇನ್ನೊಬ್ಬರು ಇರಬೇಕು. ಒಬ್ಬರನ್ನು ತಡೆದರೆ ಸುದ್ದಿ ನಿಲ್ಲಲ್ಲ ಅಂತ ಎಲ್ಲರಿಗೂ ಗೊತ್ತಿರಲಿ.

ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದು ಬೆದರಿಕೆ ಅಲ್ಲ. ಗಣಿ ನಿಂತ ಮೇಲೆ ಸಂಡೂರಿಗೆ ಹೋಗಿದ್ದು. ಸಾಲ ಮಾಡಿ ಲಾರಿ ಕೊಂಡವರು ಕಂತು ಕಟ್ಟಲಾಗದೆ ಕೂತಿದ್ದರು. ಫೈನಾನ್ಸ್‌ನವರು ಗಾಡಿ ಎಳೆದುಕೊಂಡು ಹೋಗುತ್ತಿದ್ದರು. ಪಂಕ್ಚರ್ ಅಂಗಡಿ, ಢಾಬಾ, ಟೀ ಗೂಡಂಗಡಿ ಎಲ್ಲ ಮುಚ್ಚಿದ್ದವು. "ನೀವು ಟಿವ್ಯಾಗ ತೋರಿಸಿ ನಮ್ಮ ಅನ್ನ ಕಿತ್ಕೊಂಡ್ರಿ" ಅಂತ ಒಬ್ಬರು ಮುಖಕ್ಕೆ ಹೇಳಿದರು. ವಾದ ಮಾಡಲಿಲ್ಲ. ಅದನ್ನೇ ಬೈಟ್ ಮಾಡಿ ಪ್ರಸಾರ ಮಾಡಿದೆ, ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ. ಇಂಗ್ಲಿಷ್ ಡೆಸ್ಕ್‌ಗೆ ಅದು ಬೇಕಿರಲಿಲ್ಲ. ಅವರಿಗೆ ಕಥೆ ರಾಜೀನಾಮೆ, ಬಂಧನದ ಜೊತೆಗೇ ಮುಗಿದಿತ್ತು. ಕೋಟಿ ಹೊಡೆದವರು ವಕೀಲರನ್ನು ಇಟ್ಟುಕೊಂಡು ಕೋರ್ಟಿಗೆ ಅಲೆದಾಡಿಕೊಂಡಿದ್ದರು, ಕೂಲಿಯವರು ಊರು ಬಿಟ್ಟರು. ಈ ಅನ್ಯಾಯವನ್ನೂ ಹೇಳದಿದ್ದರೆ ನಮ್ಮ ತನಿಖೆ ಪೂರ್ತಿ ಆಗಲ್ಲ ಅಂತ ಜಗಳ ಆಡಿ ಸ್ಲಾಟ್ ತಗೊಂಡೆ.

ಕೇಸುಗಳು ಎಷ್ಟು ದೂರ ಎಳೆಯುತ್ತವೆ ಅನ್ನೋದಕ್ಕೂ ತಯಾರಿರಬೇಕು. 2016ರ ಅಕ್ಟೋಬರ್‌ನಲ್ಲಿ ಯಡಿಯೂರಪ್ಪನವರು ಗಣಿ ಕಿಕ್‌ಬ್ಯಾಕ್, ಅಂದರೆ ಗಣಿ ಕಂಪನಿಯಿಂದ ಲಂಚ ಪಡೆದ ಆರೋಪದ ಪ್ರಕರಣದಲ್ಲಿ ಸಿಬಿಐ ವಿಶೇಷ ನ್ಯಾಯಾಲಯದಿಂದ ಖುಲಾಸೆಯಾದರು. ಆರೋಪಕ್ಕೆ ಎಷ್ಟು ಜಾಗ ಕೊಟ್ಟಿದ್ದೆವೋ ಖುಲಾಸೆಗೂ ಅಷ್ಟೇ ಕೊಡಬೇಕು ಅಂತ ನಾನು ಯಾವ ಸುದ್ದಿ ಎಷ್ಟು ಹೊತ್ತು ಅಂತ ತೀರ್ಮಾನಿಸುವ ರನ್‌ಡೌನ್ ಮೀಟಿಂಗ್‌ನಲ್ಲಿ ಕೇಳಿದೆ, ಕೊಟ್ಟರು. 2024ರ ಅಕ್ಟೋಬರ್‌ನಲ್ಲಿ ಬೇಲೆಕೇರಿ ಪ್ರಕರಣಗಳಲ್ಲಿ ಹಾಲಿ ಶಾಸಕರೊಬ್ಬರೂ ಸೇರಿ ಹಲವರಿಗೆ ಬೆಂಗಳೂರಿನ ವಿಶೇಷ ನ್ಯಾಯಾಲಯ 7 ವರ್ಷ ಜೈಲು ವಿಧಿಸಿತು. ಹೈಕೋರ್ಟ್ ಆಮೇಲೆ ಶಾಸಕರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. 2025ರ ಮೇನಲ್ಲಿ ಹೈದರಾಬಾದ್‌ನ ಸಿಬಿಐ ನ್ಯಾಯಾಲಯ ಆಂಧ್ರ ಗಡಿಯ ಓಬಳಾಪುರಂ ಗಣಿ ಪ್ರಕರಣದಲ್ಲಿ ಜನಾರ್ದನ ರೆಡ್ಡಿಯವರಿಗೆ 7 ವರ್ಷ ವಿಧಿಸಿತು, ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಅದನ್ನೂ ಅಮಾನತಿನಲ್ಲಿಟ್ಟಿತು. 2010ರಲ್ಲಿ ಹುಟ್ಟಿದ ಮಕ್ಕಳು ಅಷ್ಟು ಹೊತ್ತಿಗೆ ಹೈಸ್ಕೂಲಿನಲ್ಲಿದ್ದರು. ಹಾಗಾಗಿ ಹೊಸಬರಿಗೆ ಹೇಳುವುದು, ಹಳೆ ಡೈರಿ ಬಿಸಾಡಬೇಡಿ.

ಈಗ ನನ್ನ ಟೇಬಲ್ ಮೇಲಿರುವ ಫೈಲು ಬೇರೆ. ಗಣಿ ಕಂಪನಿಗಳಿಂದ ವಸೂಲಿಯಾದ ಹಣದಲ್ಲಿ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಊರುಗಳನ್ನು ಸರಿಪಡಿಸಲು ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಸುಪ್ರೀಂ ಕೋರ್ಟ್ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಮೇಲುಸ್ತುವಾರಿಗೆ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು. ಕುಡಿಯುವ ನೀರು, ಆಸ್ಪತ್ರೆ, ಶಾಲೆ, ರಸ್ತೆ ಎಲ್ಲ ಪಟ್ಟಿಯಲ್ಲಿದೆ. ಪಟ್ಟಿ ಇಂಗ್ಲಿಷ್‌ನಲ್ಲಿ. ನಾನು ಮಾಡುತ್ತಿರುವುದು ಇಷ್ಟೇ. ಆ ಪಟ್ಟಿಯನ್ನು ಊರೂರಿನ ಹೆಸರಿನ ಪ್ರಕಾರ ಬಿಡಿಸಿ, ಕನ್ನಡದಲ್ಲಿ ಪ್ರಿಂಟ್ ತೆಗೆದು, ಸಂಡೂರು ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ ಅಲ್ಲಿನವರ ಕೈಗೆ ಕೊಟ್ಟು, ಇದರಲ್ಲಿ ಯಾವುದು ಬಂದಿದೆ ತೋರಿಸಿ ಅಂತ ಕೇಳೋದು. ಮೊದಲ ಊರಿನಲ್ಲೇ ಹೆಂಗಸರು ಪಟ್ಟಿ ಹಿಡಿದುಕೊಂಡು ನನಗಿಂತ ಮುಂದೆ ನಡೆದರು. ನೀರಿನ ಟ್ಯಾಂಕ್ ಎಲ್ಲಿರಬೇಕಿತ್ತೋ ಆ ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಮಾಹಿತಿ ಹಕ್ಕಿನ ಅರ್ಜಿ ಹಾಕಿಯಾಗಿದೆ, ಎಷ್ಟು ಕೆಲಸ ಆಗಿದೆ ಅಂತ ಬರೆದಿಡುವ ಕಾಮಗಾರಿಯ ಅಳತೆ ಪುಸ್ತಕದ ಪ್ರತಿ ಕೇಳಿದ್ದೇನೆ. ಬಂದ ಕೂಡಲೇ ಕನ್ನಡದಲ್ಲಿ ಹಾಕುತ್ತೇವೆ, ಇಂಗ್ಲಿಷ್‌ನಲ್ಲಿ ಮಾರನೇ ದಿನ.